ಮಷೀನ್‌ಗೆ ಗೊತ್ತಿದ್ದರೆ ಅಂಪೈರ್ ಯಾಕೆ ನಿಂತಿದ್ದಾನೆ? (ಬೇಸ್‌ಬಾಲ್, 2026ರ ಹೊಸ ನಿಯಮ)

#1 ಮರುಭೂಮಿ_ಮೈಸೂರಿಗ

ಕ್ರಿಕೆಟ್ ಮಾತಾಡುವ ಜಾಗದಲ್ಲಿ ಬೇಸ್‌ಬಾಲ್ ತರುತ್ತಿದ್ದೀನಿ, ಬೈಬೇಡಿ.

ಕಳೆದ ವರ್ಷ ಮಾರ್ಚ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಫೀನಿಕ್ಸ್‌ಗೆ ಬಂದಿದ್ದರು. ಇಲ್ಲಿ ಆಗ ಸ್ಪ್ರಿಂಗ್ ಟ್ರೇನಿಂಗ್, ಅಂದರೆ ಸೀಸನ್‌ಗೆ ಮುಂಚಿನ ಅಭ್ಯಾಸ ಮ್ಯಾಚ್‌ಗಳ ಕಾಲ. ಅಪ್ಪ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ಸ್ಕೂಲ್ ಮ್ಯಾಚ್‌ಗಳಿಗೆ ಅಂಪೈರಿಂಗ್ ಮಾಡಿದ್ದಾರೆ. ಅದಕ್ಕೇ ಒಂದು ದಿನ ಕರೆದುಕೊಂಡು ಹೋದೆ. ಐದು ಇನಿಂಗ್ಸ್ ತನಕ ಕಡಲೆಕಾಯಿ ಸುಲಿಯುತ್ತಾ ಸುಮ್ಮನೆ ಕೂತಿದ್ದರು.

ಆಮೇಲೆ ಒಂದು ಎಸೆತ. ಬ್ಯಾಟರ್ ಹೊಡೆಯದೆ ಬಿಟ್ಟ. ಅಂಪೈರ್ ಸ್ಟ್ರೈಕ್ ಅಂದ. ಬ್ಯಾಟರ್ ತನ್ನ ಹೆಲ್ಮೆಟ್ ಮೇಲೆ ಟಪ್ ಟಪ್ ಅಂತ ತಟ್ಟಿಕೊಂಡ. ಅಂಪೈರ್ ಮೈಕ್‌ನಲ್ಲಿ ಏನೋ ಹೇಳಿದ. ದೊಡ್ಡ ಪರದೆ ಮೇಲೆ ಒಂದು ಚೌಕ, ಅದರ ಕಡೆಗೆ ಹಾರಿ ಬರುವ ಚೆಂಡು. ಚೌಕದ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಬಿತ್ತು. ಜನ ಓ ಅಂತ ಕಿರುಚಿದರು, ಬ್ಯಾಟರ್ ನಗುತ್ತಾ ಮೊದಲ ಬೇಸ್‌ಗೆ ನಡೆದುಕೊಂಡು ಹೋದ. ಎಲ್ಲ ಸೇರಿ ಹದಿನೈದು ಸೆಕೆಂಡ್ ಇರಬೇಕು.

ಅಪ್ಪ ಕಡಲೆಕಾಯಿ ಕೆಳಗಿಟ್ಟು ಕೇಳಿದರು: "ಅಲ್ವೋ, ಆ ಮಷೀನ್‌ಗೆ ಎಲ್ಲಾ ಗೊತ್ತಿದ್ದರೆ, ಆ ಮನುಷ್ಯ ಬಿಸಿಲಲ್ಲಿ ಯಾಕೆ ಬಗ್ಗಿಕೊಂಡು ನಿಂತಿದ್ದಾನೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ವರ್ಷದಿಂದ ಮೇಜರ್ ಲೀಗ್‌ನ (ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್) ಹೆಚ್ಚುಕಮ್ಮಿ ಎಲ್ಲ ಮ್ಯಾಚ್‌ಗಳಲ್ಲೂ ಇದೇ ಬರುತ್ತಿದೆ. ಅಪ್ಪನ ಪ್ರಶ್ನೆ ಈಗಲೂ ಹಾಗೇ ಇದೆ. ನಿಮಗೇನನ್ನಿಸುತ್ತೆ?

#2 ಧಾರವಾಡ_ಪೇಡೆ

ಮೊದ್ಲ ಇದನ್ನ ಹೇಳ್ರಿ. ಬಾಲ್ ಅಂದ್ರ ಚೆಂಡಲ್ಲೇನು? ಬಾಲ್ ಒಗೆದ್ರ ಬಾಲ್ ಅಂತಾರ, ಮತ್ತ ಸ್ಟ್ರೈಕ್ ಅಂತಾರ, ಹೊಡದೇ ಇಲ್ಲ!

#3 ಜರ್ಸಿ_ಅಮ್ಮ

@ಧಾರವಾಡ_ಪೇಡೆ ಹ್ಹಹ್ಹ, ನನ್ನ ಅತ್ತೆಗೂ ಇದೇ ಗೊಂದಲ. ನಮ್ಮ ವೈಡ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ "ಬಾಲ್". ಬ್ಯಾಟರ್ ಪಕ್ಕ ನೆಲದಲ್ಲಿರುವ ಪ್ಲೇಟ್ ಮೇಲೆ, ಅವನ ಮೊಣಕಾಲಿನಿಂದ ಹೊಟ್ಟೆಯವರೆಗೆ ಒಂದು ಕಾಣದ ಕಿಟಕಿ ಇದೆ ಅಂದುಕೊಳ್ಳಿ. ಅದರೊಳಗೆ ಬಂದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕ್‌ಗೆ ಔಟ್. ನಾಲ್ಕು ಬಾಲ್‌ಗೆ ಪುಕ್ಕಟೆ ಮೊದಲ ಬೇಸ್. ಕಿಟಕಿ ಯಾರಿಗೂ ಕಾಣಲ್ಲ, ಅಲ್ಲೇ ಜಗಳ ಎಲ್ಲ.

#4 ಅಂಕಿಸಂಖ್ಯೆ

ನಿಯಮ ಒಮ್ಮೆ ಸರಿಯಾಗಿ ಹೇಳಿಬಿಡ್ತೀನಿ, ಇಲ್ಲಾಂದ್ರೆ ಎಲ್ಲರೂ ಅರ್ಧಂಬರ್ಧ ತಿಳಿದುಕೊಂಡು ವಾದ ಮಾಡ್ತೀರಿ.

ಹೆಸರು ಎಬಿಎಸ್, ಅಂದರೆ ಆಟೊಮೇಟೆಡ್ ಬಾಲ್-ಸ್ಟ್ರೈಕ್ ವ್ಯವಸ್ಥೆ. ಮೈದಾನದ ಸುತ್ತ 12 ಹಾಕ್-ಐ ಕ್ಯಾಮೆರಾ. ಪ್ರತಿ ಎಸೆತಕ್ಕೂ ಮೊದಲು ಅಂಪೈರ್ ತೀರ್ಪು ಕೊಡುತ್ತಾನೆ. ಒಪ್ಪದಿದ್ದರೆ ಚಾಲೆಂಜ್. ಕೇಳುವ ಹಕ್ಕು ಮೂರೇ ಜನಕ್ಕೆ: ಬ್ಯಾಟರ್, ಪಿಚರ್ (ಎಸೆಯುವವನು), ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವನು). ಟೋಪಿ ಅಥವಾ ಹೆಲ್ಮೆಟ್ ತಟ್ಟಬೇಕು, ಅದೂ ತಕ್ಷಣ. ಡಗೌಟ್ (ತಂಡ ಕೂರುವ ಜಾಗ) ಕಡೆ ತಿರುಗಿ ನೋಡುವ ಹಾಗಿಲ್ಲ, ಕೋಚ್ ಸನ್ನೆ ಮಾಡುವ ಹಾಗಿಲ್ಲ. ತಂಡಕ್ಕೆ ಎರಡು ಚಾಲೆಂಜ್. ಗೆದ್ದರೆ ಉಳಿಯುತ್ತೆ, ಸೋತರೆ ಹೋಗುತ್ತೆ. ಹೆಚ್ಚುವರಿ ಇನಿಂಗ್ಸ್ ಬಂದಾಗ ಕೈ ಖಾಲಿ ಇದ್ದರೆ ಒಂದು ಸಿಗುತ್ತೆ.

2025ರ ಸ್ಪ್ರಿಂಗ್ ಟ್ರೇನಿಂಗ್‌ನಲ್ಲಿ ಮ್ಯಾಚ್‌ಗೆ ಸರಾಸರಿ ನಾಲ್ಕು ಚಾಲೆಂಜ್ ಆಗಿದ್ದವು, ಒಂದೊಂದಕ್ಕೆ ಸುಮಾರು 14 ಸೆಕೆಂಡ್. ಅದರಲ್ಲಿ 52% ಸರಿ ಆಗಿದ್ದವು. ನನಗೆ ಮಜಾ ಅನ್ನಿಸಿದ್ದು ಇದು: ಕ್ಯಾಚರ್‌ಗಳು ಕೇಳಿದ್ದರಲ್ಲಿ 56% ಗೆದ್ದರು, ಬ್ಯಾಟರ್‌ಗಳು 50%, ಪಿಚರ್‌ಗಳು ಬರೀ 41%.

#5 ಬಸವನಗುಡಿ_ಬೌಲರ್

ಪಿಚರ್‌ಗೆ 41% ಅಂದ್ರೆ ನನಗೇನೂ ಆಶ್ಚರ್ಯ ಇಲ್ಲ. ಬೌಲರ್‌ಗೆ ತಾನು ಹಾಕಿದ್ದೆಲ್ಲ ಔಟೇ. ನಾನೇ ಸಾಕ್ಷಿ.

ಆದರೆ ಇದರಲ್ಲಿ ಹೊಸದೇನಿದೆ? ನಮ್ಮ ಡಿಆರ್‌ಎಸ್ ಎತ್ತಿಕೊಂಡು ಹೋಗಿ ಹೆಸರು ಬದಲಾಯಿಸಿದ್ದಾರೆ ಅಷ್ಟೇ. ಅಂಪೈರ್ಸ್ ಕಾಲ್ ಕೂಡ ಇಟ್ಟಿರ್ತಾರೆ ಬಿಡಿ, ಆಮೇಲೆ ಅದಕ್ಕೂ ಒಂದು ಜಗಳ.

#6 ಅಂಕಿಸಂಖ್ಯೆ

@ಬಸವನಗುಡಿ_ಬೌಲರ್ ಇಲ್ಲ ಸರ್, ಅಂಪೈರ್ಸ್ ಕಾಲ್ ಇಲ್ಲ. ವ್ಯತ್ಯಾಸ ಇರುವುದೇ ಅಲ್ಲಿ.

ಎಲ್‌ಬಿಡಬ್ಲ್ಯುನಲ್ಲಿ ಚೆಂಡು ಪ್ಯಾಡಿಗೆ ಬಡಿದು ನಿಂತುಬಿಟ್ಟಿದೆ. ಅದು ಸ್ಟಂಪ್‌ಗೆ ಹೋಗಿಯೇ ಇಲ್ಲ. ಪ್ಯಾಡ್ ಇಲ್ಲದಿದ್ದರೆ ಎಲ್ಲಿಗೆ ಹೋಗ್ತಿತ್ತು ಅಂತ ಕಂಪ್ಯೂಟರ್ ಊಹೆ ಮಾಡುತ್ತೆ. ಊಹೆ ಅಂದಮೇಲೆ ತಪ್ಪುವ ಅವಕಾಶ ಇದೆ, ಅದಕ್ಕೇ ಅರ್ಧ ಚೆಂಡಿಗಿಂತ ಕಡಿಮೆ ತಾಗುವ ಹಾಗಿದ್ದರೆ ಮೈದಾನದ ಅಂಪೈರ್ ಮಾತಿಗೆ ಬಿಡ್ತಾರೆ. ಬೇಸ್‌ಬಾಲ್‌ನಲ್ಲಿ ಚೆಂಡು ನಿಜವಾಗಿಯೂ ಪ್ಲೇಟ್ ಮೇಲೆ ಹಾದು ಕ್ಯಾಚರ್ ಕೈಗೆ ಬಂದಿದೆ. ಊಹೆ ಏನಿಲ್ಲ, ಬರೀ ಅಳತೆ. ಅಂಚಿಗೆ ಸವರಿದರೂ ಸ್ಟ್ರೈಕ್.

#7 ಗಲ್ಲಿ_ಅಂಪೈರ್

ಊಹೆ ಇಲ್ಲ, ಅಳತೆ ಅಂತೀರಿ. ಸರಿ. ಹಾಗಾದರೆ ಎಲ್ಲ ಎಸೆತಕ್ಕೂ ಅಳೆಯಿರಿ. ತೂಕದ ಯಂತ್ರ ಇಟ್ಟುಕೊಂಡು ಅಂಗಡಿಯವನು ಕೈಯಲ್ಲೇ ಅಂದಾಜಿಗೆ ತೂಗ್ತಾನೆ, ಗಿರಾಕಿ ಗಲಾಟೆ ಮಾಡಿದರೆ ಮಾತ್ರ ಯಂತ್ರಕ್ಕೆ ಹಾಕ್ತಾನೆ, ಅದೂ ದಿನಕ್ಕೆ ಎರಡೇ ಸಲ! ಇದು ಯಾವ ನ್ಯಾಯ? ಮೇಷ್ಟ್ರು ಕೇಳಿದ್ದು ನೂರಕ್ಕೆ ನೂರು ಸರಿ.

#8 ಕುಡ್ಲದ_ಕುಳ್ಳ

ನನ್ನದೊಂದು ಡೌಟ್ ಮಾರಾಯ್ರೆ. ಕಿಟಕಿ ಮೊಣಕಾಲಿನಿಂದ ಹೊಟ್ಟೆಗೆ ಅಂದರೆ, ನನ್ನಂಥ ಕುಳ್ಳನಿಗೆ ಚಿಕ್ಕ ಕಿಟಕಿ, ಉದ್ದ ಇದ್ದವನಿಗೆ ದೊಡ್ಡ ಕಿಟಕಿಯಾ? ಮಷೀನ್‌ಗೆ ಹೇಗೆ ಗೊತ್ತಾಗ್ತದೆ? ನಾನು ಬಗ್ಗಿ ನಿಂತರೆ ಇನ್ನೂ ಚಿಕ್ಕದಾಗ್ತದಾ?

#9 ಅಂಕಿಸಂಖ್ಯೆ

@ಕುಡ್ಲದ_ಕುಳ್ಳ ಒಳ್ಳೆ ಪ್ರಶ್ನೆ. ಬಗ್ಗಿದರೆ ಪ್ರಯೋಜನ ಇಲ್ಲ. ಆಟಗಾರರನ್ನೆಲ್ಲ ಶೂ ಬಿಚ್ಚಿಸಿ ನಿಲ್ಲಿಸಿ ಎತ್ತರ ಅಳೆದಿರ್ತಾರೆ. ಎತ್ತರದ 53.5% ಮೇಲಿನ ಗೆರೆ, 27% ಕೆಳಗಿನ ಗೆರೆ. ಅಗಲ ಪ್ಲೇಟ್‌ನಷ್ಟೇ, 17 ಇಂಚು.

ಲೆಕ್ಕ ಹಾಕಿ ನೋಡಿದೆ. ಹ್ಯೂಸ್ಟನ್‌ನ ಹೊಸೆ ಆಲ್ಟುವೆ 5 ಅಡಿ 6 ಇಂಚು. ಅವನ ಕಿಟಕಿ ನೆಲದಿಂದ ಸುಮಾರು 45 ಸೆಂ.ಮೀ.ನಿಂದ 90ರವರೆಗೆ. ಯಾಂಕೀಸ್‌ನ ಆರನ್ ಜಡ್ಜ್ 6 ಅಡಿ 7 ಇಂಚು. ಅವನದು 54ರಿಂದ 107ರವರೆಗೆ. ಜಡ್ಜ್‌ಗೆ ಮೊಣಕಾಲಿನ ಕೆಳಗೆ ಹೋದ ಎಸೆತಕ್ಕೂ ಸ್ಟ್ರೈಕ್ ಕೊಡ್ತಾರೆ ಅಂತ ಯಾಂಕೀಸ್ ಅಭಿಮಾನಿಗಳು ವರ್ಷಗಟ್ಟಲೆ ಗೋಳಾಡಿದ್ದಾರೆ. ಅವರಿಗೆ ಈ ವರ್ಷ ಹಬ್ಬ.

ಇನ್ನೊಂದು. ನಿಯಮದ ಪುಸ್ತಕದಲ್ಲಿ ಸ್ಟ್ರೈಕ್ ಝೋನ್ (ಇದೇ ಕಿಟಕಿ) ಅಂದರೆ ಪ್ಲೇಟ್ ಮೇಲೆ ನಿಂತ ಒಂದು ಡಬ್ಬ, ಮುಂದೆ ಹಿಂದೆ ಆಳ ಇರುವಂಥದ್ದು. ಮಷೀನ್ ನೋಡುವುದು ಪ್ಲೇಟ್‌ನ ನಟ್ಟನಡುವೆ ನಿಲ್ಲಿಸಿದ ಒಂದು ಗಾಜಿನ ಹಾಳೆಯನ್ನು. ಅಂದರೆ ಪುಸ್ತಕದ್ದು ಒಂದು, ಅಂಪೈರ್ ಕಣ್ಣಿನದು ಒಂದು, ಮಷೀನ್‌ನದು ಒಂದು.

#10 ಸಹ್ಯಾದ್ರಿ77

ಕುಳ್ಳರ ಮಾತು ಬಂತಲ್ಲ. 1951ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಮಾಲೀಕ ಬಿಲ್ ವೀಕ್, ಎಡ್ಡಿ ಗೇಡಲ್ ಅಂತ 3 ಅಡಿ 7 ಇಂಚಿನ ಒಬ್ಬನನ್ನು ಬ್ಯಾಟಿಂಗ್‌ಗೆ ಇಳಿಸಿದ. ಬೆನ್ನ ಮೇಲೆ ನಂಬರ್ 1/8! ಪಿಚರ್‌ಗೆ ಎಲ್ಲಿ ಎಸೆಯಬೇಕು ಅಂತಲೇ ಗೊತ್ತಾಗಲಿಲ್ಲ. ನಾಲ್ಕಕ್ಕೆ ನಾಲ್ಕೂ ಬಾಲ್. ಬ್ಯಾಟ್ ಬೀಸದೆ ಮೊದಲ ಬೇಸ್‌ಗೆ ಹೋದ. ಅಲ್ಲಿಗೆ ಮುಗಿಯಿತು ಅವನ ಕ್ರಿಕೆಟ್ ಜೀವನ.

#11 ಸಹ್ಯಾದ್ರಿ77

*ಬೇಸ್‌ಬಾಲ್ ಜೀವನ. ಅಭ್ಯಾಸ ಬಲ.

#12 ಕುಡ್ಲದ_ಕುಳ್ಳ

ನನಗೆ ಅವಕಾಶ ಇತ್ತು ಅಂತಾಯ್ತು. ಕೆಲಸ ಬಿಟ್ಟೆ.

#13 ಜರ್ಸಿ_ಅಮ್ಮ

ನನ್ನ ಸಂಕಟ ಬೇರೆ. ಮಗ ಹೈಸ್ಕೂಲ್ ತಂಡದಲ್ಲಿ ಕ್ಯಾಚರ್. ಕ್ಯಾಚರ್ ಅಂದರೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು ಅಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಹೊರಗೆ ಹೋಗುವ ಚೆಂಡನ್ನು ಹಿಡಿಯುವಾಗಲೇ ಮಣಿಕಟ್ಟು ಮೆಲ್ಲಗೆ ಒಳಗೆ ತಂದುಬಿಡಬೇಕು. ಭುಜ ಅಲ್ಲಾಡಬಾರದು. ಅಂಪೈರ್‌ಗೆ ಚೆಂಡು ಒಳಗೇ ಬಂದ ಹಾಗೆ ಕಾಣಬೇಕು. ಫ್ರೇಮಿಂಗ್ ಅಂತಾರೆ. ಇವನು ಎರಡು ವರ್ಷದಿಂದ ನಮ್ಮ ಗ್ಯಾರೇಜ್‌ನಲ್ಲಿ ಗೋಡೆಗೆ ಚೆಂಡು ಹೊಡೆದು ಹೊಡೆದು ಇದನ್ನೇ ಅಭ್ಯಾಸ ಮಾಡಿದ್ದಾನೆ. ಗೋಡೆ ನೋಡಬೇಕು ನೀವು.

ಜಯಂಟ್ಸ್‌ನಲ್ಲಿ ಹೆಸರು ಮಾಡಿದ ಕ್ಯಾಚರ್ ಪ್ಯಾಟ್ರಿಕ್ ಬೇಲಿ ಬ್ಯಾಟಿಂಗ್‌ನಲ್ಲಿ ಅಷ್ಟಕ್ಕಷ್ಟೇ. ಆದರೂ ತಂಡದಲ್ಲಿ ಉಳಿದಿದ್ದ ಅಂದರೆ ಈ ಕೈಚಳಕವೇ ಮುಖ್ಯ ಕಾರಣ. ಪೂರ್ತಿ ಮಷೀನ್ ಬಂದರೆ ಈ ವಿದ್ಯೆ ಅಲ್ಲಿಗೆ ಮುಗಿಯಿತು. ಚಾಲೆಂಜ್ ಇಟ್ಟರೆ ಇನ್ನೂ ಬದುಕಿರುತ್ತೆ. ನನಗೆ ಅರ್ಧ ಮಷೀನೇ ಸಾಕು.

#14 ಧಾರವಾಡ_ಪೇಡೆ

ಅಲ್ರೀ ಅಕ್ಕಾರ, ಇಲ್ಲದ್ದನ್ನ ಇದ್ದಂಗ ತೋರಿಸೋದು ವಿದ್ಯೇನು? ನಮ್ಮ ಕಡೆ ಅದಕ್ಕ ಮೋಸ ಅಂತಾರ.

#15 ಜರ್ಸಿ_ಅಮ್ಮ

@ಧಾರವಾಡ_ಪೇಡೆ ವಿಕೆಟ್‌ಕೀಪರ್ ಲೆಗ್ ಸೈಡ್‌ಗೆ ಹೋದ ಚೆಂಡಿಗೆ ಮೂರು ಜನರನ್ನು ಸೇರಿಸಿಕೊಂಡು ಹೌಝ್ಯಾಟ್ ಅಂತ ಕುಣಿಯುವುದು ಏನು ಮತ್ತೆ, ಭರತನಾಟ್ಯವಾ?

#16 ಧಾರವಾಡ_ಪೇಡೆ

ಸೋತೆ.

#17 ಗಲ್ಲಿ_ಅಂಪೈರ್

ನಾನು ಸೋಲಲ್ಲ. ಪಿಚರ್ ಚೆನ್ನಾಗಿ ಎಸೆದ ಎಸೆತಕ್ಕೆ ಬೆಲೆ ಇರಬೇಕು, ಹಿಡಿದವನ ನಟನೆಗಲ್ಲ. ಅದೂ ಅಲ್ಲದೆ ಇವರ ಅಂಪೈರ್‌ಗಳ ಚರಿತ್ರೆ ಏನು ಸಾಧಾರಣದ್ದಾ? ಯಾರಿಗಾದರೂ 1997 ನೆನಪಿದೆಯಾ?

#18 ಸಹ್ಯಾದ್ರಿ77

ನಾನು ಅಮೆರಿಕಕ್ಕೆ ಬಂದ ವರ್ಷ! ಮಾರ್ಲಿನ್ಸ್ ಮತ್ತು ಬ್ರೇವ್ಸ್, ನ್ಯಾಷನಲ್ ಲೀಗ್ ಫೈನಲ್ ಸರಣಿಯ ಐದನೇ ಮ್ಯಾಚ್. ಅಂಪೈರ್ ಎರಿಕ್ ಗ್ರೆಗ್. ಲಿವಾನ್ ಹರ್ನಾಂಡೆಸ್ ಅವತ್ತು 15 ಜನರನ್ನು ಸ್ಟ್ರೈಕೌಟ್ ಮಾಡಿದ. ಎಡಗೈ ಬ್ಯಾಟರ್‌ಗಳಿಗೆ ಎಷ್ಟು ಹೊರಗೆ ಹಾಕಿದರೂ ಸ್ಟ್ರೈಕ್. ಕೊನೆಯ ಔಟ್ ಫ್ರೆಡ್ ಮೆಕ್‌ಗ್ರಿಫ್. ಅವನು ಬ್ಯಾಟ್ ಹಿಡಿದು ನೋಡುತ್ತಾ ನಿಂತಿದ್ದ, ಚೆಂಡು ಪಕ್ಕದ ಬೀದಿಯಲ್ಲಿ ಹೋಯ್ತು, ಸ್ಟ್ರೈಕ್ ಮೂರು. ನನಗೆ ಆಗ ಆಟದ ತಲೆಬುಡ ಗೊತ್ತಿರಲಿಲ್ಲ. ರೂಮ್‌ಮೇಟ್ ಟಿವಿ ಮೇಲೆ ಸಾಕ್ಸ್ ಎಸೆದ. ಅಷ್ಟು ಮಾತ್ರ ಅರ್ಥ ಆಯ್ತು.

ಆದರೆ ಈಗಿನ ಅಂಪೈರ್‌ಗಳು ತುಂಬಾ ಸುಧಾರಿಸಿದ್ದಾರೆ, ಅದನ್ನೂ ಹೇಳಬೇಕು. 2000ದ ಆಚೆ ಈಚೆಗೆ ಕ್ಯಾಮೆರಾ ಇಟ್ಟು ಅವರನ್ನು ಅಳೆಯುವುದಕ್ಕೆ ಶುರು ಮಾಡಿದ ಮೇಲೆ ಪುಸ್ತಕದ ಝೋನ್‌ಗೆ ಹತ್ತಿರ ಬಂದರು. ಪಿಚರ್‌ಗಳಿಗೆ ಅದೂ ಸೇರಲಿಲ್ಲ. 2003ರಲ್ಲಿ ಕರ್ಟ್ ಶಿಲ್ಲಿಂಗ್ ಸಿಟ್ಟಿನಲ್ಲಿ ಅಂಥ ಒಂದು ಕ್ಯಾಮೆರಾವನ್ನೇ ಒಡೆದುಹಾಕಿದ್ದ.

#19 ಕೊರಿಯಾ_ಕನ್ನಡಿಗ

ಪೂರ್ತಿ ಮಷೀನ್ ಬೇಕು ಅನ್ನುವವರು ಸ್ವಲ್ಪ ಈ ಕಡೆ ನೋಡಿ. ದಕ್ಷಿಣ ಕೊರಿಯಾದ ಲೀಗ್‌ನಲ್ಲಿ 2024ರಿಂದ ಎಲ್ಲ ಎಸೆತಕ್ಕೂ ಮಷೀನೇ. ಚಾಲೆಂಜ್ ಗೀಲೆಂಜ್ ಏನಿಲ್ಲ. ಅಂಪೈರ್ ಕಿವಿಯಲ್ಲಿ ಇಯರ್‌ಫೋನ್. ಅದು ಸ್ಟ್ರೈಕ್ ಅಂದರೆ ಇವನು ಕೈ ಎತ್ತುತ್ತಾನೆ.

ಶುರುವಾಗಿ ತಿಂಗಳಾಗುವಷ್ಟರಲ್ಲೇ ಏನಾಯ್ತು ಗೊತ್ತಾ? ಏಪ್ರಿಲ್‌ನಲ್ಲಿ, ಡೇಗು ಊರಿನಲ್ಲಿ ಸ್ಯಾಮ್‌ಸಂಗ್ ಲಯನ್ಸ್ ಮತ್ತು ಎನ್‌ಸಿ ಡೈನೋಸ್ ಮ್ಯಾಚ್. ಮಷೀನ್ ಸ್ಟ್ರೈಕ್ ಅಂದಿತ್ತು, ಅಂಪೈರ್ ಬಾಲ್ ಅಂದುಬಿಟ್ಟ. ಡಗೌಟ್‌ನ ಟ್ಯಾಬ್ಲೆಟ್‌ನಲ್ಲಿ ಅದು ಸ್ಟ್ರೈಕ್ ಅಂತ ಕಾಣಿಸಿತು, ಆದರೆ ಕೇಳುವ ಹೊತ್ತಿಗೆ ತಡ ಆಗಿತ್ತು. ಅಂಪೈರ್‌ಗಳು ಗುಂಪಾಗಿ ನಿಂತು ಮಾತಾಡಿಕೊಂಡರು: ಮಷೀನ್‌ನಲ್ಲೇ ಬಾಲ್ ಅಂತ ಕೇಳಿಸಿತು ಅಂತ ಹೇಳಿಬಿಡೋಣ, ನಾವು ತಪ್ಪಿಸಿಕೊಳ್ಳೋಕೆ ಅದೊಂದೇ ದಾರಿ ಅಂತ. ಪಾಪ, ಅದೆಲ್ಲ ಟಿವಿಯ ಮೈಕ್‌ನಲ್ಲಿ ದೇಶಕ್ಕೆಲ್ಲ ಕೇಳಿಸಿತು. ಒಬ್ಬನ ಕೆಲಸ ಹೋಯಿತು, ಇನ್ನಿಬ್ಬರಿಗೂ ಶಿಕ್ಷೆ ಆಯಿತು. ಆಮೇಲೆ ಡಗೌಟ್‌ಗಳಿಗೂ ಅದೇ ಸದ್ದು ಕೇಳುವ ವ್ಯವಸ್ಥೆ ಮಾಡಿದರು.

ಜಗಳ ನಿಂತಿತು ಅಂದುಕೊಂಡರೆ ಅದೂ ಇಲ್ಲ. ಅಮೆರಿಕದಿಂದ ವಾಪಸ್ ಬಂದ ರ್‍ಯು ಹ್ಯುನ್-ಜಿನ್, ಒಂದು ಮೈದಾನದ ಝೋನ್ ಇನ್ನೊಂದರ ಥರ ಇಲ್ಲ ಅಂತ ದೂರಿದ. ಮೊದಲು ಅಂಪೈರ್ ಜತೆ ಜಗಳ, ಈಗ ಕ್ಯಾಮೆರಾ ಜತೆ. ಆದರೆ ಒಂದು ನಿಜ, ನನ್ನ ಆಫೀಸಿನ ಕೊರಿಯನ್ನರಿಗೆ ಇದು ಇಷ್ಟ ಆಗಿದೆ. ಎರಡೂ ತಂಡಕ್ಕೆ ಒಂದೇ ಅಳತೆ ಅಂತಾರೆ, ಅಷ್ಟು ಸಾಕು ಅಂತಾರೆ.

#20 ಗಲ್ಲಿ_ಅಂಪೈರ್

@ಕೊರಿಯಾ_ಕನ್ನಡಿಗ ಸರ್, ಆ ಡೇಗು ಕತೆಯಲ್ಲಿ ಮಷೀನ್ ತಪ್ಪು ಮಾಡಲಿಲ್ಲ. ಮನುಷ್ಯ ತಪ್ಪು ಮಾಡಿದ, ಮೇಲೆ ಸುಳ್ಳೂ ಹೇಳಿದ. ನೀವು ನನ್ನ ಪರವಾಗಿ ವಾದ ಮಾಡ್ತಿದ್ದೀರಿ, ಥ್ಯಾಂಕ್ಸ್.

#21 ಬಸವನಗುಡಿ_ಬೌಲರ್

ಮಷೀನ್ ಕೈಕೊಟ್ಟಿದ್ದೂ ಇದೆ. 2025ರಲ್ಲಿ ವಿಂಬಲ್ಡನ್‌ನವರು ಲೈನ್ ಜಡ್ಜ್‌ಗಳನ್ನೆಲ್ಲ ಮನೆಗೆ ಕಳಿಸಿದರು. ಅದೇ ವರ್ಷ ಪಾವ್ಲ್ಯುಚೆಂಕೋವಾ ಮ್ಯಾಚ್‌ನಲ್ಲಿ ಚೆಂಡು ಎದ್ದು ಕಾಣುವ ಹಾಗೆ ಔಟ್, ಮಷೀನ್ ಸೈಲೆಂಟ್. ನೋಡಿದರೆ ಯಾರೋ ಅದನ್ನು ಆಫ್ ಮಾಡಿಬಿಟ್ಟಿದ್ದರು! ಅಂಪೈರ್‌ಗೆ ಕಣ್ಣೆದುರು ಕಂಡಿದ್ದನ್ನೂ ಹೇಳುವ ಧೈರ್ಯ ಬರಲಿಲ್ಲ, ಪಾಯಿಂಟ್ ಮತ್ತೆ ಆಡಿಸಿದರು. ನನ್ನ ಭಯ ಇದೇ. ಮಷೀನ್ ಬಂದಮೇಲೆ ಅಂಪೈರ್ ನೋಡುವುದನ್ನೇ ಬಿಟ್ಟುಬಿಡ್ತಾನೆ.

#22 ಶನಿವಾರದ_ಅಂಪೈರ್

ತುಂಬಾ ದಿನದಿಂದ ಬರೀ ಓದ್ತಿದ್ದೆ, ಇದಕ್ಕೆ ಬರೆಯದೆ ಇರೋಕಾಗಲಿಲ್ಲ. ನಾನು ಒಹಾಯೋದಲ್ಲಿ ಹನ್ನೆರಡು ವರ್ಷದ ಹುಡುಗರ ಮ್ಯಾಚ್‌ಗಳಿಗೆ ಶನಿವಾರ ಅಂಪೈರಿಂಗ್ ಮಾಡ್ತೀನಿ. ಬಿಟ್ಟಿ ಸೇವೆ, ಮಧ್ಯಾಹ್ನ ಒಂದು ಹಾಟ್‌ಡಾಗ್ ಕೊಡ್ತಾರೆ. ನಾನು ಸಸ್ಯಾಹಾರಿ, ಬರೀ ಬನ್ ತಿಂತೀನಿ.

ಎಡಗೈಯಲ್ಲಿ ಬಾಲ್-ಸ್ಟ್ರೈಕ್ ಎಣಿಸುವ ಹಲ್ಲುಚಕ್ರದ ಚಿಕ್ಕ ಕೌಂಟರ್, ಜೇಬಿನಲ್ಲಿ ಪ್ಲೇಟ್ ಗುಡಿಸುವ ಬ್ರಷ್. ಪ್ಲೇಟ್ ಗುಡಿಸುವಾಗ ಪ್ರೇಕ್ಷಕರಿಗೆ ಹಿಂಭಾಗ ತೋರಿಸಬಾರದು, ಪಿಚರ್ ಕಡೆಗೆ ಬೆನ್ನು ಹಾಕಿ ಬಗ್ಗಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟರು. ಆ ಸಂಪ್ರದಾಯ ನನಗೆ ತುಂಬಾ ಇಷ್ಟ.

ಈಗ ವಿಷಯ. ಕಳೆದ ವರ್ಷ ಒಂದು ಮ್ಯಾಚ್‌ನಲ್ಲಿ ನಮ್ಮ ಕಡೆಯ ತಂಡ 14-0 ಮುಂದಿದೆ. ಎದುರು ತಂಡದ ಪಿಚರ್ ಪುಟ್ಟ ಹುಡುಗ, ಸತತ ಏಳು ಬಾಲ್ ಹಾಕಿದ್ದಾನೆ, ಕಣ್ಣಲ್ಲಿ ನೀರು. ಎಂಟನೆಯದು ಪ್ಲೇಟ್‌ನಿಂದ ಒಂದು ಗೇಣು ಆಚೆ ಹೋಯ್ತು. ನಾನು ಸ್ಟ್ರೈಕ್ ಅಂದೆ. ಬ್ಯಾಟ್ ಹಿಡಿದ ಹುಡುಗ ತಿರುಗಿ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಅವನಿಗೂ ಗೊತ್ತಾಯ್ತು. ಅವನಪ್ಪನಿಗೆ ಗೊತ್ತಾಗಲಿಲ್ಲ, ಪಾರ್ಕಿಂಗ್ ತನಕ ಬೈಯುತ್ತಾ ಬಂದ.

ದೊಡ್ಡ ಲೀಗ್‌ನ ಅಂಪೈರ್‌ಗಳೂ ಹೀಗೇ. ಮೂರು ಬಾಲ್, ಸೊನ್ನೆ ಸ್ಟ್ರೈಕ್ ಇದ್ದಾಗ ಅವರ ಕಿಟಕಿ ಹಿಗ್ಗುತ್ತೆ, ಎರಡು ಸ್ಟ್ರೈಕ್, ಸೊನ್ನೆ ಬಾಲ್ ಇದ್ದಾಗ ಕುಗ್ಗುತ್ತೆ. ಲೆಕ್ಕ ಹಾಕಿದವರು ತೋರಿಸಿದ್ದಾರೆ. ಯಾರೂ ಬೇಕಂತ ಮಾಡಲ್ಲ, ಸೋಲುತ್ತಿರುವವನ ಕಡೆ ಕಣ್ಣು ತಾನಾಗಿ ವಾಲುತ್ತೆ.

#23 ಗಲ್ಲಿ_ಅಂಪೈರ್

ಶನಿವಾರದ ಸರ್, ನಿಮ್ಮ ಮನಸ್ಸು ಒಳ್ಳೆಯದು. ಆದರೆ ಬ್ಯಾಟ್ ಹಿಡಿದ ಆ ಹುಡುಗನಿಗೆ ಅನ್ಯಾಯ ಆಯ್ತಲ್ಲ?

#24 ಶನಿವಾರದ_ಅಂಪೈರ್

ಆಯ್ತು. ಮುಂದಿನ ಎಸೆತಕ್ಕೆ ಅವನು ಹೋಮ್ ರನ್ ಹೊಡೆದ. 16-0.

#25 ಬಸವನಗುಡಿ_ಬೌಲರ್

ಇಲ್ಲಿ ಯಾರೂ ಕುಂಬ್ಳೆ ಹೆಸರು ಎತ್ತಲಿಲ್ಲ, ನನಗೆ ನಾಚಿಕೆ ಆಗ್ತಿದೆ. ಈ ಜಗಳವನ್ನು ಎಲ್ಲ ಕಡೆಯಿಂದ ನೋಡಿದವರು ಅವರೊಬ್ಬರೇ. 2008ರ ಜನವರಿಯಲ್ಲಿ ಸಿಡ್ನಿ ಟೆಸ್ಟ್, ಅಂಪೈರಿಂಗ್ ಎಡವಟ್ಟಿನಿಂದ ಸೋತಾಗ ಕ್ಯಾಪ್ಟನ್ ಅವರೇ. ಅದೇ ವರ್ಷ ಶ್ರೀಲಂಕಾದಲ್ಲಿ ಮೊದಲ ಸಲ ರಿವ್ಯೂ ಪ್ರಯೋಗ ಆದಾಗಲೂ ಕ್ಯಾಪ್ಟನ್ ಅವರೇ. ಆ ಸರಣಿಯಲ್ಲಿ ಲಂಕಾದವರ 11 ರಿವ್ಯೂ ಗೆದ್ದವು, ನಮ್ಮದು ಒಂದೇ ಒಂದು. ಆಮೇಲೆ ನಮ್ಮ ಬೋರ್ಡ್ ವರ್ಷಗಟ್ಟಲೆ ಬೇಡ ಬೇಡ ಅಂತ ಕೂತಿತು. ಕುಂಬ್ಳೆ ಐಸಿಸಿ ಕ್ರಿಕೆಟ್ ಸಮಿತಿಗೆ ಅಧ್ಯಕ್ಷರಾದ ಮೇಲೆ ಎಂಐಟಿ ಎಂಜಿನಿಯರ್‌ಗಳ ಹತ್ತಿರ ಈ ಯಂತ್ರಗಳನ್ನೆಲ್ಲ ಪರೀಕ್ಷೆ ಮಾಡಿಸಿದರು, ಅಲ್ಲಿಗೆ ಖುದ್ದಾಗಿ ಹೋಗಿ ನೋಡಿಕೊಂಡೂ ಬಂದರು. 2016ರಲ್ಲಿ ಇಂಗ್ಲೆಂಡ್ ಸರಣಿಗೆ ನಾವು ಡಿಆರ್‌ಎಸ್ ಒಪ್ಪಿಕೊಂಡಾಗ ಕೋಚ್ ಕೂಡ ಅವರೇ. ಆರ್.ವಿ. ಕಾಲೇಜಿನ ಮೆಕ್ಯಾನಿಕಲ್ ಎಂಜಿನಿಯರ್ ಅಲ್ವಾ, ಬಿಚ್ಚಿ ನೋಡದೆ ಒಪ್ಪುವ ಜಾತಿ ಅಲ್ಲ.

#26 ಗಲ್ಲಿ_ಅಂಪೈರ್

1999ರಲ್ಲಿ ಕೋಟ್ಲಾದಲ್ಲಿ ಡಿಆರ್‌ಎಸ್ ಇದ್ದಿದ್ದರೆ ಆ ಹತ್ತರಲ್ಲಿ ಎಷ್ಟು ಉಳೀತಿತ್ತು? ಸುಮ್ನೆ ಕೇಳ್ತಿದ್ದೀನಿ.

#27 ಬಸವನಗುಡಿ_ಬೌಲರ್

ಸುಮ್ನೆ ಕೇಳಬೇಡಿ.

#28 ಸಹ್ಯಾದ್ರಿ77

ಅಫ್ರಿದಿ ಒಪ್ಪದೆ ಗೊಣಗುತ್ತಾ ಹೋಗಿದ್ದು ನಿಜ. ಆದರೆ ಡಿಆರ್‌ಎಸ್ ಇದ್ದಿದ್ದರೆ ಕುಂಬ್ಳೆಗೆ ಕಳೆಯುತ್ತಿರಲಿಲ್ಲ, ಕೂಡುತ್ತಿತ್ತು. ಬ್ಯಾಟ್ಸ್‌ಮನ್‌ಗಳು ಮುಂಗಾಲು ಚಾಚಿ ಪ್ಯಾಡ್‌ನಲ್ಲಿ ಆಡ್ತಿದ್ದ ಕಾಲ ಅದು, ಅಂಪೈರ್‌ಗಳು ಕೊಡ್ತಾನೇ ಇರಲಿಲ್ಲ. 619ರ ಬದಲು ಇನ್ನೂ ನೂರು ಸೇರಿಸಿಕೊಳ್ಳಿ.

#29 ಕುಡ್ಲದ_ಕುಳ್ಳ

ಬೇಸ್‌ಬಾಲ್ ಎಲ್ಲಿಗೆ ಹೋಯ್ತು ಮಾರಾಯ್ರೆ? ನಾನು ಈಗಷ್ಟೇ ನಿಯಮ ಕಲಿತೆ.

#30 ಅಂಕಿಸಂಖ್ಯೆ

ವಾಪಸ್ ತರ್ತೀನಿ. ಪೂರ್ತಿ ಮಷೀನ್ ಯಾಕೆ ಇಲ್ಲ ಅಂದರೆ, ಅದನ್ನೂ ಮಾಡಿ ನೋಡಿದ್ದಾರೆ. 2019ರಲ್ಲಿ ಅಟ್ಲಾಂಟಿಕ್ ಲೀಗ್ ಅನ್ನುವ ಚಿಕ್ಕ ಲೀಗ್‌ನಲ್ಲಿ ಶುರು. ನೆಲಕ್ಕೆ ಬೀಳುವ ಹಾಗೆ ಇಳಿಯುವ ಕರ್ವ್ ಎಸೆತ ಝೋನ್‌ನ ತುದಿ ಸವರಿತು ಅಂತ ಮಷೀನ್ ಸ್ಟ್ರೈಕ್ ಅಂತಿತ್ತು, ಬ್ಯಾಟರ್‌ಗಳು ಬಾಯಿ ಬಾಯಿ ಬಡಿದುಕೊಂಡರು. 2023ರಲ್ಲಿ ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎನಲ್ಲಿ ವಾರದ ಮೊದಲ ಮೂರು ಮ್ಯಾಚ್ ಪೂರ್ತಿ ಮಷೀನ್, ಕೊನೆಯ ಮೂರು ಚಾಲೆಂಜ್. ಎರಡನ್ನೂ ಆಡಿದ ಆಟಗಾರರೇ ಚಾಲೆಂಜ್ ಕಡೆ ವಾಲಿದರು. 2024ರ ಜೂನ್‌ನಲ್ಲಿ ಪೂರ್ತಿ ಮಷೀನ್ ಅಲ್ಲಿಗೆ ಬಿಟ್ಟರು.

@ಗಲ್ಲಿ_ಅಂಪೈರ್ ನಿಮ್ಮ ತೂಕದ ಯಂತ್ರದ ಉದಾಹರಣೆ ನನಗೆ ಇಷ್ಟ ಆಯ್ತು. ಆದರೆ ಅಂಗಡಿಯಲ್ಲಿ ಯಾರೂ ಟಿಕೆಟ್ ಕೊಟ್ಟು ನೋಡೋಕೆ ಬರಲ್ಲ. ಎರಡೇ ಚಾಲೆಂಜ್ ಇದೆ, ಈಗ ಬಳಸಲಾ, ಒಂಬತ್ತನೇ ಇನಿಂಗ್ಸ್‌ಗೆ ಇಟ್ಟುಕೊಳ್ಳಲಾ ಅನ್ನುವುದೇ ಒಂದು ಆಟ.

#31 ಗಲ್ಲಿ_ಅಂಪೈರ್

ಅಂದರೆ ನ್ಯಾಯಕ್ಕಲ್ಲ, ಮಜಾಕ್ಕೆ ಅನ್ನಿ. ಹಾಗೆ ನೇರವಾಗಿ ಹೇಳಿದರೆ ನಾನು ಒಪ್ತೀನಿ.

#32 ಮರುಭೂಮಿ_ಮೈಸೂರಿಗ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಕೊರಿಯಾ ಕತೆಗೆ ಜೋರಾಗಿ ನಕ್ಕರು. ಶನಿವಾರದ ಅಂಪೈರ್ ಕತೆ ಓದುವಾಗ ಸುಮ್ಮನಾದರು. ಆಮೇಲೆ, "1986ರಲ್ಲಿ ತಾಲ್ಲೂಕು ಫೈನಲ್‌ನಲ್ಲಿ ಒಬ್ಬ ಹುಡುಗ 49ರಲ್ಲಿದ್ದ ಕಣೋ. ಪ್ಲಂಬ್ ಎಲ್‌ಬಿ. ನಾನು ಕೊಡಲಿಲ್ಲ" ಅಂದರು. ಯಾಕೆ ಅಂತ ಕೇಳಿದೆ. "ಅವನಿಗೆ ಕಾಲಲ್ಲಿ ಬೂಟ್ ಇರಲಿಲ್ಲ."

ಅಷ್ಟರಲ್ಲಿ ಹಾಲಿನವನು ಬಂದ ಅಂತ ಫೋನ್ ಅಮ್ಮನಿಗೆ ಕೊಟ್ಟರು.

#33 ಧಾರವಾಡ_ಪೇಡೆ

ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳ್ರಿ. ಮತ್ತ ಆ ಹುಡುಗ ಐವತ್ತು ಹೊಡದ್ನೋ ಇಲ್ಲೋ?

#34 ಮರುಭೂಮಿ_ಮೈಸೂರಿಗ

@ಧಾರವಾಡ_ಪೇಡೆ ಕೇಳೋದೇ ಮರೆತೆ. ನಾಳೆ ಕೇಳ್ತೀನಿ.